ಸೋರುವ ನೀರಿಗೊಂದು ಕಾವಲು

ಸದ್ದು ಮಾಡಿ ಹರಿಯುವ ನೀರನ್ನು ನಿಲ್ಲಿಸಲು ಮನೆಯಲ್ಲಿ ಯಾರಾದರೊಬ್ಬರು ಓಡಿ ಬರುತ್ತಾರೆ. ಸದ್ದಿಲ್ಲದೆ ಸೋರುವ ನೀರನ್ನು ಕೇಳುವವರಿಲ್ಲ. ಗೋಡೆಯ ಬಣ್ಣ ಉಬ್ಬಿ ಉದುರಿದಾಗಲೋ, ಬೀರುವಿನ ತಳ ಕೊಳೆತು ವಾಸನೆ ಬಂದಾಗಲೋ ಮಾತ್ರ ಅದು ನಮ್ಮ ಗಮನಕ್ಕೆ ಬರುತ್ತದೆ. ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಇಂತಹ ಮೌನದ ಸೋರಿಕೆಯನ್ನು ಮೊದಲೇ ತಿಳಿಸಬಲ್ಲ ಚಿಕ್ಕ ಉಪಕರಣಗಳು ಇಂದು ಅಂಗಡಿಗಳಲ್ಲಿ ದೊರೆಯುತ್ತವೆ. ಅವನ್ನು ಸೋರಿಕೆ ಸೂಚಕಗಳೆಂದು ಕರೆಯೋಣ.

ಆದರೆ ಉಪಕರಣವನ್ನು ಕೊಂಡು ತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಅಡಿಗೆಮನೆಯ ಸಿಂಕಿನ ಕೆಳಗೆ ಇಂತಹ ಸೂಚಕವೊಂದನ್ನು ಇರಿಸಿದ್ದರು. ಒಂದು ರಾತ್ರಿ, ಕುಡಿಯುವ ನೀರನ್ನು ಶುದ್ಧಿಮಾಡುವ ಯಂತ್ರದ ಸಣ್ಣ ಕೊಳವೆ ತನ್ನ ಕೀಲಿನಿಂದ ಜಾರಿತು. ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಕೋಣೆಯ ನೆಲದ ಮೇಲೆ ಜೋಡಿಸಿಟ್ಟಿದ್ದ ಮಗನ ಪಠ್ಯಪುಸ್ತಕಗಳೆಲ್ಲ ತೊಯ್ದುಹೋಗಿದ್ದುವು. ಸೂಚಕದ ಸುತ್ತಲಿನ ನೆಲ ಮಾತ್ರ ಒಣಗಿಯೇ ಇತ್ತು. ಉಪಕರಣವು ಕೆಟ್ಟಿರಲಿಲ್ಲ. ನೀರು ಅದರ ಕಡೆಗೆ ಬಂದೇ ಇರಲಿಲ್ಲ. ಸೂಚಕವು ತಾನು ಕುಳಿತ ಅಂಗುಲ ಸ್ಥಳವನ್ನು ಮಾತ್ರ ಬಲ್ಲುದು. ಮನೆಯಲ್ಲಿ ನೀರು ಹರಿಯುವ ದಾರಿಯನ್ನು ತಿಳಿಯಬೇಕಾದವರು ನಾವು. ಈ ಲೇಖನದ ಸಾರವೆಲ್ಲ ಇಷ್ಟೇ. ಉಳಿದುದು ಅದರ ವಿವರಣೆ.

ಸಣ್ಣ ರಂಧ್ರದ ದೊಡ್ಡ ಲೆಕ್ಕ

ಸೋರಿಕೆಯಿಂದ ಎಷ್ಟು ನೀರು ಪೋಲಾದೀತು? ಮಾಳಿಗೆಯ ಮೇಲಿನ ತೊಟ್ಟಿಯಿಂದ ಕೆಳಗಿಳಿಯುವ ಕೊಳವೆಯಲ್ಲಿ, ನೀರಿನ ಮಟ್ಟದಿಂದ 10 ಮೀಟರ್ ಕೆಳಗೆ, 1 ಮಿಲಿಮೀಟರ್ ವ್ಯಾಸದ ರಂಧ್ರವೊಂದು ಬಿದ್ದಿದೆ ಎಂದು ಭಾವಿಸೋಣ. 17ನೆಯ ಶತಮಾನದ ಇಟಲಿಯ ವಿಜ್ಞಾನಿ ಟಾರಿಚೆಲ್ಲಿಯು ಕಂಡುಹಿಡಿದ ನಿಯಮದಂತೆ, ರಂಧ್ರದಿಂದ ಚಿಮ್ಮುವ ನೀರಿನ ವೇಗವು ಅಷ್ಟೇ ಎತ್ತರದಿಂದ ಬಿದ್ದ ಕಲ್ಲಿನ ವೇಗಕ್ಕೆ ಸಮ. ಅಂದರೆ ಸೆಕೆಂಡಿಗೆ 14 ಮೀಟರ್. ರಂಧ್ರದ ವಿಸ್ತೀರ್ಣ ಸುಮಾರು 0.785 ಚದರ ಮಿಲಿಮೀಟರ್. ನೀರಿನ ಧಾರೆಯು ರಂಧ್ರದಿಂದ ಹೊರಬರುವಾಗ ಸಂಕುಚಿತವಾಗುವುದರಿಂದ ಲೆಕ್ಕಕ್ಕೆ ಬಂದುದರ ಸುಮಾರು 60 ಶೇಕಡಾ ಮಾತ್ರ ಹೊರಬೀಳುತ್ತದೆ. ಹೀಗೆ ಗುಣಿಸಿದರೆ ಸೆಕೆಂಡಿಗೆ 6.6 ಮಿಲಿಲೀಟರ್ ಆಗುತ್ತದೆ. ಇದೇನು ಮಹಾ ಎನಿಸಬಹುದು. ಆದರೆ ದಿನವೊಂದರಲ್ಲಿ 86,400 ಸೆಕೆಂಡುಗಳಿವೆ. ಒಟ್ಟು ನಷ್ಟ ದಿನಕ್ಕೆ ಸುಮಾರು 570 ಲೀಟರ್! ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ನಮ್ಮ ದೇಶದ ಯೋಜಕರು ಲೆಕ್ಕ ಹಿಡಿಯುತ್ತಾರೆ. ಹಾಗಾದರೆ ಈ ಒಂದು ರಂಧ್ರವು ನಾಲ್ವರ ಪಾಲನ್ನು ಕುಡಿದುಬಿಡುತ್ತದೆ.

ನಷ್ಟವು ನೀರಿಗಷ್ಟೇ ಸೀಮಿತವಲ್ಲ. ಬೆಂಗಳೂರಿಗೆ ಕಾವೇರಿಯ ನೀರು 1974ರಿಂದ ಬರುತ್ತಿದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ, ಅದನ್ನು ಪಂಪುಗಳಿಂದ ಏರಿಸಬೇಕು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು 49 ಲಕ್ಷ ಜೌಲ್, ಎಂದರೆ 1.36 ಯೂನಿಟ್ ವಿದ್ಯುತ್ತು ಬೇಕೇಬೇಕು. ಪಂಪುಗಳಲ್ಲಿ ವ್ಯಯವಾಗುವ ಶಕ್ತಿ ಇದಕ್ಕೆ ಹೊರತು. ನಮ್ಮ ರಂಧ್ರವು ಒಂದು ವರ್ಷ ಹಾಗೆಯೇ ಉಳಿದರೆ 208 ಸಾವಿರ ಲೀಟರ್ ನೀರಿನೊಡನೆ 280ಕ್ಕೂ ಹೆಚ್ಚು ಯೂನಿಟ್ ವಿದ್ಯುತ್ತು ಮಣ್ಣುಪಾಲಾಗುತ್ತದೆ.

ಕಟ್ಟಡಕ್ಕೂ ಇದರಿಂದ ಪೆಟ್ಟು. ಕಾಂಕ್ರೀಟಿನೊಳಗಿನ ಉಕ್ಕಿನ ಸರಳಿಗೆ ತೇವವೂ ಗಾಳಿಯೂ ತಗುಲಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ತಾರಸಿಯ ಅಡಿಯ ಗಾರೆ ಚಕ್ಕೆಚಕ್ಕೆಯಾಗಿ ಕಳಚಿ ಬೀಳುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಸೂಚಕವು ಕೆಲಸ ಮಾಡುವ ಬಗೆ

ಸಾಮಾನ್ಯ ಸೂಚಕದ ತಳದಲ್ಲಿ ಒಂದಕ್ಕೊಂದು ತಾಗದ ಎರಡು ಲೋಹದ ತುದಿಗಳಿರುತ್ತವೆ. ಅವುಗಳ ನಡುವೆ ಗಾಳಿಯಿರುವವರೆಗೆ ವಿದ್ಯುತ್ತು ಹರಿಯದು. ನೀರು ಬಂದು ಎರಡನ್ನೂ ಮುಟ್ಟಿತೆಂದರೆ ಮಂಡಲವು ಪೂರ್ಣಗೊಂಡು ಗಂಟೆ ಬಾರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಶುದ್ಧವಾದ ನೀರು ಒಳ್ಳೆಯ ವಿದ್ಯುದ್ವಾಹಕವೇ ಅಲ್ಲ. ಪ್ರತಿ ಬದಿಯೂ 1 ಸೆಂಟಿಮೀಟರ್ ಇರುವ ಅತಿಶುದ್ಧ ನೀರಿನ ಘನವೊಂದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡ್ಡುವ ರೋಧ ಸುಮಾರು 180 ಲಕ್ಷ ಓಮ್. ನಲ್ಲಿಯ ನೀರಿನಲ್ಲಿ ಕರಗಿರುವ ಲವಣಗಳು ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ಹೊತ್ತೊಯ್ಯುವುದರಿಂದ ಅದೇ ಗಾತ್ರದ ನಲ್ಲಿ ನೀರಿನ ರೋಧವು ಕೆಲವೇ ಸಾವಿರ ಓಮ್‌ಗಳಿಗೆ ಇಳಿಯುತ್ತದೆ. ಆದುದರಿಂದ ಸೂಚಕವು ಗುರುತಿಸುವುದು ನೀರನ್ನಲ್ಲ, ನೀರಿನಲ್ಲಿರುವ ಲವಣವನ್ನು ಎಂದರೂ ತಪ್ಪಾಗದು. ಕೊಳವೆ ಬಾವಿಯ ಗಡಸು ನೀರಿಗೆ ಅದು ಕೂಡಲೇ ಓಗೊಡುತ್ತದೆ. ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರು ಗಾಳಿಯ ಆವಿ ತಣಿದು ಬಂದುದಾದ್ದರಿಂದ ಬಟ್ಟಿಯಿಳಿಸಿದ ನೀರಿಗೆ ಸಮೀಪವಾದುದು. ಮಂದವಾದ ಸೂಚಕವು ಅದನ್ನು ಕಡೆಗಣಿಸಬಹುದು. ಯಾವ ಸ್ಥಳದಲ್ಲಿ ಸೂಚಕವನ್ನು ಇರಿಸುತ್ತೇವೆಯೋ ಆ ಸ್ಥಳಕ್ಕೆ ಬರಬಹುದಾದ ನೀರಿನಿಂದಲೇ ಅದನ್ನು ಪರೀಕ್ಷಿಸಿ ನೋಡಬೇಕೆಂಬುದು ಇದರಿಂದ ಸ್ಪಷ್ಟ.

ವಿದ್ಯಾರ್ಥಿಗಳು ಇದನ್ನು ಸ್ವತಃ ಮಾಡಿ ನೋಡಬಹುದು. 9 ವೋಲ್ಟಿನ ಒಂದು ಬ್ಯಾಟರಿ, ಒಂದು ಬಜರ್, ಬಿಸಿ 547 ಎಂಬ ಟ್ರಾನ್ಸಿಸ್ಟರ್, 10,000 ಓಮ್‌ನ ಒಂದು ರೋಧಕ ಇಷ್ಟಿದ್ದರೆ ಸಾಕು. ಬ್ಯಾಟರಿಯ ಧನ ತುದಿಯನ್ನು ಬಜರಿನ ಧನ ತುದಿಗೂ, ಬಜರಿನ ಋಣ ತುದಿಯನ್ನು ಟ್ರಾನ್ಸಿಸ್ಟರಿನ ಕಲೆಕ್ಟರಿಗೂ, ಎಮಿಟರನ್ನು ಬ್ಯಾಟರಿಯ ಋಣ ತುದಿಗೂ ಜೋಡಿಸಿರಿ. ಬ್ಯಾಟರಿಯ ಧನ ತುದಿಯಿಂದ ರೋಧಕದ ಮೂಲಕ ಒಂದು ತಂತಿಯನ್ನೂ, ಟ್ರಾನ್ಸಿಸ್ಟರಿನ ಬೇಸಿನಿಂದ ಇನ್ನೊಂದು ತಂತಿಯನ್ನೂ ಹೊರತಂದು ಅವುಗಳ ಬರಿಯ ತುದಿಗಳನ್ನು ಅರ್ಧ ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿರಿ. ತುದಿಗಳನ್ನು ನಲ್ಲಿಯ ನೀರಿನಲ್ಲಿ ಅದ್ದಿದರೆ ಬಜರ್ ಕೂಗುತ್ತದೆ. ಚೆನ್ನಾಗಿ ಒರೆಸಿ, ಬಟ್ಟಿಯಿಳಿಸಿದ ನೀರಿನಲ್ಲಿ ಅದ್ದಿದರೆ ಧ್ವನಿ ಕ್ಷೀಣವಾಗಬಹುದು, ಇಲ್ಲವೆ ನಿಂತೇಹೋಗಬಹುದು. ಆ ನೀರಿಗೆ ಒಂದು ಚಿಟಿಕೆ ಉಪ್ಪನ್ನು ಹಾಕಿ ವ್ಯತ್ಯಾಸವನ್ನು ನೋಡಿರಿ. ಈ ಪ್ರಯೋಗಕ್ಕೆ ಬ್ಯಾಟರಿಯನ್ನಲ್ಲದೆ ಮನೆಯ ವಿದ್ಯುತ್ ಸಂಪರ್ಕವನ್ನು ಎಂದಿಗೂ ಬಳಸಬಾರದು.

ತುದಿಗಳನ್ನು ಬಹಳ ಹೊತ್ತು ನೀರಿನಲ್ಲಿಯೇ ಬಿಟ್ಟರೆ ಧನ ತುದಿಯ ತಾಮ್ರವು ಮೆಲ್ಲನೆ ಸವೆದು ಹಸುರಾಗುವುದು ಕಾಣುತ್ತದೆ. ಇದು ವಿದ್ಯುದ್ವಿಭಜನೆಯ ಫಲ. ಒಳ್ಳೆಯ ಸೂಚಕಗಳಲ್ಲಿ ಚಿನ್ನದ ಲೇಪನವನ್ನೋ ತುಕ್ಕು ಹಿಡಿಯದ ಉಕ್ಕನ್ನೋ ಬಳಸುವುದೂ, ವಿದ್ಯುತ್ತನ್ನು ಸತತವಾಗಿ ಹರಿಸದೆ ಆಗಾಗ ಕ್ಷಣಮಾತ್ರ ಕಳುಹಿಸುವುದೂ ಈ ಕಾರಣದಿಂದಲೇ.

ಯಾವುದನ್ನು ಆರಿಸಬೇಕು?

ಸೂಚಕಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದೇ ಸ್ಥಳವನ್ನು ಕಾಯುವ ಬಿಲ್ಲೆಯಂತಹುದು ಮೊದಲನೆಯದು. ಬೆಲೆ ಕಡಿಮೆಯಾದುದರಿಂದ ನಾಲ್ಕೈದನ್ನು ಕೊಳ್ಳಬಹುದು. ಎರಡನೆಯದು ಹಗ್ಗದಂತಹುದು. ನೀರು ಹೀರುವ ಹೊದಿಕೆಯೊಳಗೆ ಎರಡು ತಂತಿಗಳು ಉದ್ದಕ್ಕೂ ಸಾಗಿರುತ್ತವೆ. ಹಗ್ಗದ ಯಾವ ಭಾಗ ನೆನೆದರೂ ಸೂಚನೆ ಬರುತ್ತದೆ. ಗೋಡೆಯ ಬುಡದಲ್ಲಿ ಉದ್ದಕ್ಕೆ ಹಾಸಲು ಇದು ಯೋಗ್ಯ. ಮೂರನೆಯದು ಕೊಳವೆಗೇ ಜೋಡಿಸುವಂತಹುದು. ಇದು ನೀರಿನ ಹರಿವನ್ನು ಅಳೆಯುತ್ತಿದ್ದು, ಯಾರೂ ನೀರು ಬಳಸದ ಹೊತ್ತಿನಲ್ಲಿಯೂ ಹರಿವು ನಿಲ್ಲದಿದ್ದರೆ ಸೋರಿಕೆಯೆಂದು ತೀರ್ಮಾನಿಸುತ್ತದೆ. ಕೆಲವು ಮಾದರಿಗಳು ಕವಾಟವನ್ನೂ ತಾವೇ ಮುಚ್ಚಿಬಿಡುತ್ತವೆ.

ಈ ಮೂರನೆಯ ಬಗೆಯನ್ನು ನಮ್ಮ ಮನೆಗಳಲ್ಲಿ ಅಳವಡಿಸುವಾಗ ಎಚ್ಚರ ಬೇಕು. ಹೊರದೇಶಗಳ ಅನೇಕ ನಗರಗಳಲ್ಲಿ ಬೀದಿಯ ಕೊಳಾಯಿಯ ಒತ್ತಡವೇ ನೇರವಾಗಿ ಮನೆಯ ನಲ್ಲಿಗಳಿಗೆ ತಲಪುತ್ತದೆ. ಅಲ್ಲಿ ಪ್ರವೇಶದ್ವಾರದ ಒಂದು ಕವಾಟವು ಇಡೀ ಮನೆಯನ್ನು ಕಾಯಬಲ್ಲುದು. ನಮ್ಮಲ್ಲಿ ನೀರು ಮೊದಲು ಸಂಪಿಗೆ ಬಂದು, ಪಂಪಿನಿಂದ ಮೇಲಿನ ತೊಟ್ಟಿಗೆ ಏರಿ, ಅಲ್ಲಿಂದ ಇಳಿಯುತ್ತದೆ. ಬೀದಿಯ ಕಡೆಯ ಕವಾಟವನ್ನು ಮುಚ್ಚಿದರೂ ತೊಟ್ಟಿಯಲ್ಲಿರುವ ಸಾವಿರ ಲೀಟರ್ ಸೋರುತ್ತಲೇ ಇರುತ್ತದೆ. ಆದುದರಿಂದ ಅಂತಹ ಉಪಕರಣದ ಸ್ಥಾನವು ಮೇಲಿನ ತೊಟ್ಟಿಯ ಹೊರದಾರಿಯಲ್ಲಿ. ಇಳಿಯುವ ಕೊಳವೆಗಳು ಎರಡಿದ್ದರೆ ಉಪಕರಣಗಳೂ ಎರಡು ಬೇಕು.

ಸೂಚನೆಯು ಯಾರನ್ನು ಮುಟ್ಟಬೇಕೆಂಬುದನ್ನೂ ಯೋಚಿಸಬೇಕು. ಬೀಗ ಹಾಕಿದ ಮನೆಯಲ್ಲಿ ಗಂಟೆ ಬಾರಿಸಿದರೆ ಕೇಳುವವರಾರು? ಮೊಬೈಲಿಗೆ ಸಂದೇಶ ಕಳುಹಿಸುವ ಸೂಚಕವು ಅಲ್ಲಿಗೆ ಸರಿ. ಆದರೆ ವಿದ್ಯುತ್ತು ಹೋಗಿ ವೈಫೈ ನಿಂತಾಗ ಸಂದೇಶವೂ ನಿಲ್ಲುತ್ತದೆ. ತನ್ನದೇ ಬ್ಯಾಟರಿಯಿಂದ ಗಟ್ಟಿಯಾಗಿ ಕೂಗಿಕೊಳ್ಳುವುದೂ, ಬ್ಯಾಟರಿ ಮುಗಿಯುವ ಮುನ್ನ ತಿಳಿಸುವುದೂ ಒಳ್ಳೆಯ ಸೂಚಕದ ಲಕ್ಷಣಗಳು.

ಎಲ್ಲಿ ಇರಿಸಬೇಕು?

ನೀರು ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ಕಣ್ಣಿಗೆ ಸಮವಾಗಿ ಕಾಣುವ ನೆಲವೂ ಎಲ್ಲಿಯಾದರೊಂದು ಕಡೆಗೆ ವಾಲಿರುತ್ತದೆ. ಇದನ್ನು ತಿಳಿಯಲು ಒಂದು ಗಾಜಿನ ಗೋಲಿ ಸಾಕು. ಕೊಳವೆಯ ಕೀಲಿನ ನೇರ ಕೆಳಗೆ ಗೋಲಿಯನ್ನು ಮೆಲ್ಲನೆ ಇಟ್ಟು ಅದು ಎತ್ತ ಉರುಳುವುದೆಂದು ನೋಡಿರಿ. ಬಳಿಕ ಅಲ್ಲಿಯೇ ಒಂದು ಲೋಟ ನೀರನ್ನು ಸುರಿದು ದೃಢಪಡಿಸಿಕೊಳ್ಳಿರಿ. ನೀರು ಮೊದಲು ನಿಲ್ಲುವ ಜಾಗವೇ ಸೂಚಕದ ಜಾಗ. ಮೇಲೆ ಹೇಳಿದ ಗೃಹಸ್ಥರು ಈ ಒಂದು ಲೋಟ ನೀರನ್ನು ಖರ್ಚುಮಾಡಿದ್ದರೆ ಪುಸ್ತಕಗಳು ಉಳಿಯುತ್ತಿದ್ದುವು. ನೀರು ಕೊಳವೆಯ ಹೊರಮೈಗೆ ಅಂಟಿಕೊಂಡು ಬಹುದೂರ ಸಾಗಿ ಬೇರೆಡೆ ತೊಟ್ಟಿಕ್ಕಬಲ್ಲುದೆಂಬುದನ್ನೂ ಮರೆಯಬಾರದು.

ಸಿಂಕಿನ ಕೆಳಗಿನ ಬೀರು, ನೀರು ಶುದ್ಧಿಯಂತ್ರದ ಬದಿ, ಬಟ್ಟೆ ಒಗೆಯುವ ಯಂತ್ರದ ಹಿಂಬದಿ, ಇನ್ವರ್ಟರಿನ ಬ್ಯಾಟರಿಯ ಸಮೀಪದ ನೆಲ ಇವು ಮುಖ್ಯವಾದ ಸ್ಥಳಗಳು. ಬಚ್ಚಲಮನೆಯ ನೆಲದ ಮೇಲೆ ಸೂಚಕವನ್ನು ಇಡುವುದು ವ್ಯರ್ಥ. ನಮ್ಮ ಬಚ್ಚಲು ದಿನವೂ ನೆನೆಯುವಂತಹುದು. ಅದರ ಹೊಸ್ತಿಲ ಹೊರಗೆ, ಇಲ್ಲವೆ ಬಚ್ಚಲ ಗೋಡೆಯ ಆಚೆಬದಿಯ ಬುಡದಲ್ಲಿ ಇರಿಸುವುದು ಸರಿ. ಅಂತೆಯೇ ದಿನವೂ ನೆಲ ಒರೆಸುವ ಬಟ್ಟೆ ಹಾಯುವ ಕಡೆಯಲ್ಲಿ ಇಡಬಾರದು. ಕಾರಣವಿಲ್ಲದೆ ನಾಲ್ಕು ಸಲ ಕೂಗಿದ ಸೂಚಕದ ಗತಿ, ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಗತಿಯೇ. ಐದನೆಯ ಸಲ ನಿಜವಾಗಿ ಕೂಗಿದಾಗ ಯಾರೂ ಏಳುವುದಿಲ್ಲ.

ಸೂಚಕಕ್ಕೆ ಕಾಣದ ಸೋರಿಕೆ

ನೆಲದ ಮೇಲೆ ಬಾರದ ನೀರನ್ನು ನೆಲದ ಮೇಲಿನ ಸೂಚಕ ಕಾಣಲಾರದು. ಶೌಚದ ಫ್ಲಶ್ ತೊಟ್ಟಿಯಿಂದ ಬೋಗುಣಿಯೊಳಕ್ಕೇ ಸೋರುವ ನೀರು ಇದಕ್ಕೆ ಉದಾಹರಣೆ. ತೊಟ್ಟಿಯ ನೀರಿಗೆ ತಿಂಡಿಗೆ ಬಳಸುವ ಬಣ್ಣವನ್ನು ಕೆಲವು ಹನಿ ಹಾಕಿ, ಇಪ್ಪತ್ತು ನಿಮಿಷ ಯಾರೂ ಬಳಸದಂತೆ ಬಿಡಿರಿ. ಬೋಗುಣಿಯಲ್ಲಿ ಬಣ್ಣ ಕಂಡರೆ ಕವಾಟ ಸೋರುತ್ತಿದೆ.

ಗೋಡೆಯೊಳಗೂ ನೆಲದೊಳಗೂ ಹುದುಗಿದ ಕೊಳವೆಗಳಿಗೆ ಇನ್ನೊಂದು ಉಪಾಯವಿದೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ 1870ರ ದಶಕದಲ್ಲಿ ಡೀಕನ್ ಎಂಬ ಇಂಜಿನಿಯರನು ರಾತ್ರಿಯ ಹರಿವನ್ನು ಅಳೆದು ಸೋರಿಕೆಯನ್ನು ಕಂಡುಹಿಡಿಯುವ ಕ್ರಮವನ್ನು ರೂಢಿಗೆ ತಂದನು. ಊರು ಮಲಗಿದಾಗಲೂ ನೀರು ಹರಿಯುತ್ತಿದ್ದರೆ ಅದು ಸೋರಿಕೆಯೇ ಸರಿ ಎಂಬುದು ಆತನ ತರ್ಕ. ಇದನ್ನೇ ನಮ್ಮ ಮನೆಗೆ ಅನ್ವಯಿಸೋಣ. ರಾತ್ರಿ ಮಲಗುವ ಮುನ್ನ ನಲ್ಲಿಗಳನ್ನೆಲ್ಲ ಮುಚ್ಚಿ, ಪಂಪನ್ನು ನಿಲ್ಲಿಸಿ, ಮೇಲಿನ ತೊಟ್ಟಿಯ ನೀರಿನ ಮಟ್ಟವನ್ನು ಕೋಲಿನಿಂದ ಅಳೆದಿಡಬೇಕು. ಯಾರೂ ನೀರು ಮುಟ್ಟುವ ಮೊದಲೇ ಬೆಳಗ್ಗೆ ಮತ್ತೆ ಅಳೆಯಬೇಕು. ತೊಟ್ಟಿಯ ವ್ಯಾಸ 1.1 ಮೀಟರ್ ಇದ್ದರೆ ಮಟ್ಟವು 1 ಸೆಂಟಿಮೀಟರ್ ಇಳಿದಾಗ 9.5 ಲೀಟರ್ ಹೋಯಿತೆಂದು ತಿಳಿಯಬೇಕು. ಸಂಪಿನಲ್ಲಿಯೂ ಇದೇ ಪರೀಕ್ಷೆಯನ್ನು, ನೀರು ಬಿಡದ ದಿನ ನೋಡಿ, ಮಾಡಬಹುದು. ಬೀದಿಯ ಮೀಟರು ಸಂಪಿಗೆ ಮೊದಲೇ ಇರುವುದರಿಂದ ಸಂಪಿನ ಆಚೆಯ ಸೋರಿಕೆಯನ್ನು ಅದು ನೇರವಾಗಿ ತೋರಿಸಲಾರದು.

ಸಂಪಿನ ಪರೀಕ್ಷೆಯನ್ನು ಅಲಕ್ಷಿಸಬಾರದು. ನೀರು ಹೊರಹೋಗುವ ಬಿರುಕಿನಿಂದ ನೀರು ಒಳಗೂ ಬರಬಲ್ಲುದು. ಮಳೆಗಾಲದಲ್ಲಿ ಸುತ್ತಣ ಮಣ್ಣು ನೆನೆದಾಗ, ಸಂಪಿನ ಮಟ್ಟ ಕೆಳಗಿದ್ದರೆ ಹೊರಗಿನ ಕೊಳೆನೀರು ಒಳನುಗ್ಗುತ್ತದೆ. ದಿನ ಬಿಟ್ಟು ದಿನ ನೀರು ಬರುವ ಬೀದಿಯ ಕೊಳವೆಗಳಲ್ಲಿಯೂ ಹೀಗೆಯೇ; ಕೊಳವೆ ಬರಿದಾದಾಗ ಒಳಗಿನ ಒತ್ತಡ ಕುಗ್ಗಿ ಬಿರುಕುಗಳು ಹೊರಗಿನ ಮಲಿನವನ್ನು ಎಳೆದುಕೊಳ್ಳುತ್ತವೆ. ಆಗ ಸೋರಿಕೆಯು ಹಣದ ಪ್ರಶ್ನೆಯಾಗಿ ಉಳಿಯದೆ ಆರೋಗ್ಯದ ಪ್ರಶ್ನೆಯಾಗುತ್ತದೆ.

ಹೀಗೆ ಗಂಟೆಯ ಕೆಲಸ ಗಂಟೆಗೆ, ಗೋಲಿಯ ಕೆಲಸ ಗೋಲಿಗೆ, ಅಳತೆಕೋಲಿನ ಕೆಲಸ ಅಳತೆಕೋಲಿಗೆ. ಇವುಗಳಲ್ಲಿ ಹಣ ಕೊಟ್ಟು ತರಬೇಕಾದುದು ಒಂದೇ. ಉಳಿದೆರಡು ಈಗಲೇ ಮನೆಯಲ್ಲಿವೆ. ಈ ರಾತ್ರಿಯೇ ಪ್ರಾರಂಭಿಸಬಹುದು.

ಅಭ್ಯಾಸ

1. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಅಳತೆಯ ಪಾತ್ರೆಯನ್ನಿಟ್ಟು 100 ಹನಿಗಳ ಗಾತ್ರವನ್ನು ಅಳೆಯಿರಿ. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ದಿನಕ್ಕೆ ಎಷ್ಟು ಲೀಟರ್ ನಷ್ಟವಾಗುವುದು?

2. ಲೇಖನದಲ್ಲಿ ಹೇಳಿದ ರಂಧ್ರದ ವ್ಯಾಸವು 2 ಮಿಲಿಮೀಟರ್ ಆದರೆ ನಷ್ಟವು ಎಷ್ಟು ಪಟ್ಟು ಹೆಚ್ಚುವುದು? ನೀರಿನ ಎತ್ತರವು 10 ಮೀಟರಿನಿಂದ 2.5 ಮೀಟರಿಗೆ ಇಳಿದರೆ ಎಷ್ಟು ಪಟ್ಟು ಕಡಿಮೆಯಾಗುವುದು?

3. ನಿಮ್ಮ ಮನೆಯ ನೆಲದ ನಕ್ಷೆಯನ್ನು ಬರೆದು, ಗೋಲಿಯ ಪ್ರಯೋಗದಿಂದ ತಿಳಿದ ಇಳಿಜಾರುಗಳನ್ನು ಬಾಣದ ಗುರುತುಗಳಿಂದ ತೋರಿಸಿರಿ. ಮೂರೇ ಸೂಚಕಗಳಿದ್ದರೆ ಅವನ್ನು ಎಲ್ಲೆಲ್ಲಿ ಇರಿಸುವಿರಿ? ಏಕೆ?