ಸಿಪ್ಪೆ ದನಕ್ಕೆ, ಬೇಳೆ ನಮಗೆ?

ರೈತ ಬಾಂಧವರೇ, ಬೀದರ, ಭಾಲ್ಕಿ, ಔರಾದ ಭಾಗದಲ್ಲಿ ನೀವು ತೊಗರಿ, ಹೆಸರು, ಉದ್ದು, ಕಡಲೆ, ಬಿಳಿಜೋಳ ಬೆಳೆಯುತ್ತೀರಿ. ಆದರೆ ಕಾಳು ಒಡೆಸಿ ಬೇಳೆಯನ್ನಷ್ಟೇ ಅಡಿಗೆಗೆ ಇಟ್ಟುಕೊಂಡರೆ, ಸಿಪ್ಪೆಯ ಜೊತೆ ನಾರೂ ದನದ ಗೋದಲಿ ಸೇರುತ್ತದೆ. 100 ಗ್ರಾಂ ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ನಾರುಂಟು, ಬೇಳೆಯಲ್ಲಿ 9. ಜೋಳದಲ್ಲಿ 10, ಬಿಳಿ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ದೊಡ್ಡವರಿಗೆ ದಿನಕ್ಕೆ 30 ಗ್ರಾಂ ಬೇಕು. ಎರಡೂ ಹೊತ್ತು ಅನ್ನವೇ ಆದರೆ ಇದು ಕೂಡಿಬರದು. ಮಲಬದ್ಧತೆ ಕಾಡುತ್ತದೆ, ಸಕ್ಕರೆ ಕಾಯಿಲೆಯವರಿಗೆ ಉಂಡ ಮೇಲೆ ರಕ್ತದ ಸಕ್ಕರೆ ಬೇಗ ಏರುತ್ತದೆ.

ದಿನಕ್ಕೆ 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ಉಂಡರೆ 20 ಗ್ರಾಂ ನಾರು ಬಂತು. ತಾಯಂದಿರೇ, ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸಾಣಿಸಿ ತೌಡು ಚೆಲ್ಲಬೇಡಿ. ರೊಟ್ಟಿ ಹರಿಯುತ್ತದೆಂಬ ನಿಮ್ಮ ಮಾತು ಸುಳ್ಳಲ್ಲ. ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿದರೆ ಅಷ್ಟಾಗಿ ಹರಿಯದು. 30 ಗ್ರಾಂ ಹೆಸರುಕಾಳಿನ ಉಸುಳಿಯಿಂದ ಇನ್ನೂ 5 ಗ್ರಾಂ. ಉಳಿದದ್ದಕ್ಕೆ ಪುಂಡಿಪಲ್ಯ, ಒಂದು ಪೇರಲ ಹಣ್ಣು ಸಾಕು.

ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುತ್ತದೆ. ವಾರವಾರಕ್ಕೆ ಸ್ವಲ್ಪಸ್ವಲ್ಪ ಏರಿಸಿ, ನೀರು ಧಾರಾಳವಾಗಿ ಕುಡಿಯಿರಿ. ಎಳೆಯ ಮಕ್ಕಳಿಗೆ ಕಾಳನ್ನು ಮೆತ್ತಗೆ ಬೇಯಿಸಿ, ಕಿವುಚಿ ಉಣಿಸಿರಿ.