ಶ್ರುತಿ ನೋಡಿ ತಂತಿ ಕೊಳ್ಳಿ

ಪಿಟೀಲಿನ ತಂತಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಮುಕ್ಕಾಲು ಅಳತೆಯ ವಾದ್ಯ, ಐದು ಮನೆ ಶ್ರುತಿ. ತಂತಿ ಬದಲಾಯಿಸಿ ಎಂದು ಮೇಷ್ಟ್ರು ಹೇಳಿದ್ದಾರೆ. ಅಂಗಡಿಗೆ ಹೋದರೆ ಮುನ್ನೂರು ರೂಪಾಯಿಯ ಸೆಟ್ಟೂ ಇದೆ, ಆರು ಸಾವಿರದ್ದೂ ಇದೆ. ಯಾವುದು ತರಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆರು ಸಾವಿರದ್ದು ಈಗ ಬೇಡ. ಮುನ್ನೂರರದ್ದು ಯಾವಾಗಲೂ ಬೇಡ.

ತೀರಾ ಅಗ್ಗದ ತಂತಿಯ ನಾದ ಒರಟಾಗಿರುತ್ತದೆ ಅನ್ನುವುದು ದೊಡ್ಡ ದೋಷವಲ್ಲ, ಮಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ದೊಡ್ಡ ದೋಷ ಬೇರೆ ಇದೆ. ಅಂಥ ತಂತಿಯ ದಪ್ಪ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಬಿಡಿ ತಂತಿ ತಂಬೂರಿಗೆ ಸರಿಯಾಗಿ ಸೇರುತ್ತದೆ, ಬೆರಳಿಟ್ಟರೆ ಸ್ವರ ಅತ್ತಿತ್ತ ಸರಿಯುತ್ತದೆ. ಪಕ್ಕದ ತಂತಿಯಲ್ಲಿ ಅದೇ ಜಾಗಕ್ಕೆ ಬೆರಳಿಟ್ಟರೆ ಇನ್ನೊಂದು ಥರ ಕೇಳುತ್ತದೆ. ಮಗು ತನ್ನ ಬೆರಳಿನದೇ ತಪ್ಪು ಅಂದುಕೊಳ್ಳುತ್ತದೆ, ಮನೆಯವರೂ ಹಾಗೇ ಬೈಯುತ್ತಾರೆ. ಕಿವಿ ರೂಪುಗೊಳ್ಳುವ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ತಂತಿ ನಿಜ ಹೇಳುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ತಂತಿಯ ನಟ್ಟನಡುವೆ ಬೆರಳನ್ನು ಒತ್ತದೆ ಸುಮ್ಮನೆ ತಾಗಿಸಿ ಕಮಾನು ಎಳೆಯಿರಿ, ಮೇಲಿನ ಸ್ಥಾಯಿಯ ಸ್ವರ ಕೊಳಲಿನ ಹಾಗೆ ಕೇಳುತ್ತದೆ. ಅದೇ ಜಾಗದಲ್ಲಿ ಒತ್ತಿ ನುಡಿಸಿ. ಎರಡೂ ಒಂದೇ ಆದರೆ ತಂತಿ ಸಾಚಾ. ಕಿವಿಗೆ ಚುಚ್ಚುವಷ್ಟು ವ್ಯತ್ಯಾಸ ಬಂದರೆ ಆ ತಂತಿ ಹೊಸದಾದರೂ ತೆಗೆದುಬಿಡಿ. ಹಳೆಯ ತಂತಿಯ ಆಯಸ್ಸು ಮುಗಿದಿದೆಯೇ ಎಂದು ತಿಳಿಯುವುದಕ್ಕೂ ಇದೇ ಪರೀಕ್ಷೆ ಸಾಕು.

ನಿಮ್ಮ ಮಗಳಿಗೆ ಸ್ಟೀಲ್ ತಿರುಳಿನ ತಂತಿ ಸರಿ. ಡಿ’ಅಡಾರಿಯೊ ಕಂಪನಿಯ ಪ್ರೆಲ್ಯೂಡ್ ಈ ದರ್ಜೆಯದು. ಕಲಿಯುವವರ ಕೈಗೆ ಎಟಕುವ ಬೆಲೆ, ಉದ್ದಕ್ಕೂ ಒಂದೇ ಸಮ, ಮುಕ್ಕಾಲು ಅಳತೆಯಲ್ಲೂ ಸಿಗುತ್ತದೆ. ಹಾಕಿದ ಒಂದೆರಡು ದಿನದಲ್ಲಿ ಶ್ರುತಿ ನಿಲ್ಲುತ್ತದೆ. ಇನ್ನೊಂದು ಬಗೆ ನೈಲಾನ್‌ನಂಥ ಕೃತಕ ತಿರುಳಿನದು. ವಿಯೆನ್ನಾದ ಥೋಮಾಸ್ಟಿಕ್-ಇನ್‌ಫೆಲ್ಡ್ 1970ರಲ್ಲಿ ತಂದ ಡಾಮಿನೆಂಟ್ ಈ ಬಗೆಯಲ್ಲಿ ಹೆಸರುವಾಸಿ. ನಾದ ದುಂಡಗೆ, ಮೃದುವಾಗಿ ಬರುತ್ತದೆ ನಿಜ. ಆದರೆ ಪ್ರೆಲ್ಯೂಡ್‌ನ ಮೂರ್ನಾಲ್ಕು ಪಟ್ಟು ಬೆಲೆ, ಶ್ರುತಿ ನಿಲ್ಲಲು ಇನ್ನಷ್ಟು ದಿನ. ಮಗಳು ಪೂರ್ಣ ಅಳತೆಯ ವಾದ್ಯಕ್ಕೆ ಬಂದು ವರ್ಣ ದಾಟಿ ಕೃತಿಗೆ ಕೈಹಾಕಿದ ಮೇಲೆ ಅದನ್ನು ಯೋಚಿಸಿ.

ಪೂರ್ಣ ಅಳತೆಯ ತಂತಿಯನ್ನು ಮುಕ್ಕಾಲಿಗೆ ಹಾಕಿ ಕೊಡುತ್ತೇವೆ ಎಂದು ಅಂಗಡಿಯವರು ಅಂದರೆ ಒಪ್ಪಬೇಡಿ. ಸ್ಟೀಲ್ ತಂತಿ ಹಾಕುವಾಗ ನಾಲ್ಕಕ್ಕೂ ಫೈನ್ ಟ್ಯೂನರ್ ಇರಲಿ. ಇಲ್ಲದಿದ್ದರೆ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಲು ಹೋಗಿ ಮಗು ತಂತಿ ಹರಿಯುತ್ತದೆ.

ಪ್ರಶ್ನೆ: ನಾನು ಒಂದು ಮನೆ ಶ್ರುತಿಯಲ್ಲಿ ನುಡಿಸುತ್ತೇನೆ. ಒಳ್ಳೆಯ ಸೆಟ್ಟನ್ನೇ ಹಾಕಿದ್ದೇನೆ. ಆದರೂ ತಂತಿ ಸಡಿಲವಾಗಿ, ಮಂದ್ರದಲ್ಲಿ ಗೊರಗೊರ ಅನ್ನುತ್ತದೆ. ಕಮಾನು ಸ್ವಲ್ಪ ಒತ್ತಿದರೂ ಸ್ವರ ಜಾರುತ್ತದೆ. ಇನ್ನೂ ದುಬಾರಿ ಸೆಟ್ ಕೊಳ್ಳಬೇಕೆ?
– ವಿದ್ಯಾರ್ಥಿ, ಮೈಸೂರು

ಉತ್ತರ: ಖಂಡಿತ ಬೇಡ. ಎಷ್ಟು ದುಬಾರಿ ಸೆಟ್ ತಂದರೂ ಈ ತೊಂದರೆ ಹೋಗದು.

ಪೊಟ್ಟಣದಲ್ಲಿ ಬರುವ ನಾಲ್ಕು ತಂತಿಗಳನ್ನು ಪಾಶ್ಚಾತ್ಯ ಶ್ರುತಿಗೆ ಲೆಕ್ಕಹಾಕಿ ಮಾಡಿರುತ್ತಾರೆ: ದಪ್ಪದಿಂದ ತೆಳುವಿಗೆ ಜಿ, ಡಿ, ಎ, ಇ. ನಾವು ಅವನ್ನು ಷಡ್ಜ–ಪಂಚಮ–ಷಡ್ಜ–ಪಂಚಮಕ್ಕೆ ಕಟ್ಟುತ್ತೇವೆ. ಐದು ಮನೆ ಎಂದರೆ ಹಾರ್ಮೋನಿಯಂನ ಜಿ. ಆ ಶ್ರುತಿಯಲ್ಲಿ ದಪ್ಪನೆಯ ಎರಡು ತಂತಿ ಇದ್ದಲ್ಲೇ ಇರುತ್ತವೆ, ಮೇಲಿನ ಎರಡು ಒಂದೊಂದು ಸ್ವರ ಇಳಿಯುತ್ತವೆ, ಅಷ್ಟೇ. ಒಂದು ಮನೆ ಎಂದರೆ ಸಿ. ನಿಮ್ಮ ದಪ್ಪ ತಂತಿಗಳೆರಡೂ ನಾಲ್ಕು ಸ್ವರದಷ್ಟು ಕೆಳಗಿಳಿದಿವೆ, ತೆಳು ತಂತಿಗಳು ಅದಕ್ಕಿಂತಲೂ ಹೆಚ್ಚು.

ತಂತಿಯ ಬಿಗಿ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಕಂಪನ ಮೂರರಲ್ಲಿ ಎರಡು ಪಾಲಾದರೆ ಬಿಗಿ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಕುಸಿಯುತ್ತದೆ. ಲೆಕ್ಕ ಹಾಕಿದರೆ ನಿಮ್ಮ ಜಿ ಮತ್ತು ಡಿ ತಂತಿಗಳಲ್ಲಿ ಉಳಿದಿರುವುದು ಉದ್ದೇಶಿತ ಬಿಗಿಯ ಶೇ. 44, ಎ ಮತ್ತು ಇ ತಂತಿಗಳಲ್ಲಿ ಶೇ. 35 ಮಾತ್ರ. ಇಷ್ಟು ಸಡಿಲವಾದ ತಂತಿ ಕಮಾನಿನ ಭಾರ ತಡೆಯುವುದಾದರೂ ಹೇಗೆ? ಐದು ಮನೆಯಲ್ಲಿ ಮೇಲಿನ ಎರಡು ತಂತಿಗಳಿಗೂ ಶೇ. 79 ಬಿಗಿ ಉಳಿಯುತ್ತದೆ, ಅದಕ್ಕೇ ಹೆಣ್ಣುಮಕ್ಕಳ ಶ್ರುತಿಯಲ್ಲಿ ಈ ದೂರು ಬರುವುದು ಕಡಿಮೆ.

ಪರಿಹಾರ ನಿಮ್ಮ ಪಿಟೀಲಿನ ಮೇಲೇ ಇದೆ. ತಂತಿಗಳನ್ನು ಒಂದೊಂದು ಜಾಗ ಸರಿಸಿ. ಎ ತಂತಿಯನ್ನು ಇ ಇದ್ದ ಮೊದಲನೆಯ ಜಾಗಕ್ಕೆ ಹಾಕಿ ಮಧ್ಯ ಪಂಚಮಕ್ಕೆ ಕಟ್ಟಿ. ಡಿ ತಂತಿ ಎರಡನೆಯದಾಗಿ ಮಧ್ಯ ಷಡ್ಜಕ್ಕೆ ಬರಲಿ. ಇವೆರಡಕ್ಕೂ ಶೇ. 79ರಷ್ಟು ಬಿಗಿ ಸಿಗುತ್ತದೆ. ಜಿ ತಂತಿ ಮೂರನೆಯದಾಗಿ ಮಂದ್ರ ಪಂಚಮಕ್ಕೆ ಬಂದರೆ ಅದು ತನ್ನ ಸ್ವಂತ ಸ್ವರದಲ್ಲೇ ನಿಲ್ಲುತ್ತದೆ. ಉಳಿದದ್ದು ಮಂದ್ರ ಷಡ್ಜ. ಅದಕ್ಕೆ ವಯೋಲಾದ ಸಿ ತಂತಿ ಒಂದನ್ನು ಬಿಡಿಯಾಗಿ ತನ್ನಿ. 14 ಇಂಚಿನ ಚಿಕ್ಕ ವಯೋಲಾಕ್ಕೆಂದು ಮಾಡಿದ್ದನ್ನೇ ಕೇಳಿ, ಅದರ ಉದ್ದ ಪೂರ್ಣ ಪಿಟೀಲಿಗೆ ಹೊಂದುತ್ತದೆ. ಅಲ್ಲಿಗೆ ನಿಮ್ಮ ಖರ್ಚು ಒಂದೇ ತಂತಿಯದು, ನಾಲ್ಕರದ್ದಲ್ಲ.

ದಪ್ಪ ತಂತಿ ಕೂರಲು ನಟ್ ಮತ್ತು ಕುದುರೆಯ (ಬ್ರಿಡ್ಜ್) ಮೇಲಿನ ಕಚ್ಚುಗಳನ್ನು ಸ್ವಲ್ಪ ಅಗಲಿಸಬೇಕಾಗುತ್ತದೆ. ಇದನ್ನು ಮನೆಯ ಅರದಿಂದ ಮಾಡಲು ಹೋಗದೆ ವಾದ್ಯ ರಿಪೇರಿಯವರ ಕೈಗೆ ಕೊಡಿ. ಲೋಹದೆಳೆ ಸುತ್ತಿದ ಎ ತಂತಿ ಮೊದಲನೆಯ ಜಾಗಕ್ಕೆ ಬಂದಾಗ ಜಾರು ಸ್ವಲ್ಪ ಒರಟು ಅನ್ನಿಸಬಹುದು, ಕೆಲವು ವಾರದ ಸಾಧಕದಲ್ಲಿ ಕೈಗೆ ಹತ್ತುತ್ತದೆ. ಇ ತಂತಿಯ ಮಿನುಗೇ ಬೇಕು ಅನ್ನುವವರು ಅದೇ ಇ ತಂತಿಯಲ್ಲಿ ಹೆಚ್ಚು ದಪ್ಪದ್ದನ್ನು ಹಾಕಿಕೊಳ್ಳಬಹುದು. ಪೂರ್ತಿ ಪರಿಹಾರವಾಗದು, ಮೊದಲಿಗಿಂತ ಮೇಲು.

ನಾದ ಸಾಲದು ಎಂಬ ಚಿಂತೆ ಹೊಸದಲ್ಲ. ಮೈಕು ಇಲ್ಲದ ಕಾಲದ ಸಭೆಯ ಕೊನೆಯ ಸಾಲಿಗೂ ಕೇಳಬೇಕೆಂದು ನಿಮ್ಮೂರಿನ ಟಿ. ಚೌಡಯ್ಯನವರು ನಾಲ್ಕರ ಬದಲು ಏಳು ತಂತಿಯ ಪಿಟೀಲನ್ನೇ ರೂಢಿಗೆ ತಂದರು. ಅವರ ಶಿಷ್ಯ ಆರ್. ಆರ್. ಕೇಶವಮೂರ್ತಿಯವರೂ ಅದನ್ನೇ ನುಡಿಸಿದರು. ತಂತಿಯನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿಕೊಳ್ಳುವ ಧೈರ್ಯ ನಮ್ಮ ಹಿರಿಯರಿಗೆ ಇತ್ತು. ನೀವು ಪೊಟ್ಟಣದ ಮೇಲಿನ ಅಕ್ಷರಗಳಿಗೆ ಹೆದರಬೇಕಾಗಿಲ್ಲ.

ಪ್ರಶ್ನೆ: ಮೊದಲ ತಂತಿ ಮಾತ್ರ ಪದೇಪದೇ ಹರಿಯುತ್ತದೆ. ಪ್ರತಿಸಲ ಪೂರ್ತಿ ಸೆಟ್ ಕೊಳ್ಳಬೇಕಾಗಿದೆ.
– ಓದುಗರೊಬ್ಬರು, ಹಾಸನ

ಉತ್ತರ: ಸೆಟ್ ಬೇಡ, ಬಿಡಿಯಾಗಿ ಕೊಳ್ಳಿ. ಜರ್ಮನಿಯ ಗೋಲ್ಡ್‌ಬ್ರೊಕಾಟ್ ಎಂಬ ಇ ತಂತಿ ಬಿಡಿಯಾಗಿಯೇ ಸಿಗುತ್ತದೆ. ಬೆಲೆ ಬಹಳ ಕಡಿಮೆ, ಆದರೂ ದೊಡ್ಡ ದೊಡ್ಡ ವಾದಕರು ದುಬಾರಿ ಸೆಟ್ಟಿನ ಜೊತೆಗೂ ಇದನ್ನೇ ಹಾಕುತ್ತಾರೆ. ತುದಿಯಲ್ಲಿ ಗುಂಡು ಇರುವುದು, ಕುಣಿಕೆ ಇರುವುದು ಎಂದು ಎರಡು ಬಗೆ ಉಂಟು. ನಿಮ್ಮ ಟ್ಯೂನರ್‌ಗೆ ಯಾವುದು ಸಿಕ್ಕುತ್ತದೆ ನೋಡಿಕೊಂಡು ಕೇಳಿ.

ಹೊಸದನ್ನು ಹಾಕುವ ಮುನ್ನ ಹಳೆಯದು ಎಲ್ಲಿ ಹರಿದಿದೆ ನೋಡಿ. ಪ್ರತಿಸಲ ಒಂದೇ ಜಾಗದಲ್ಲಿ ಹರಿದಿದ್ದರೆ ತಂತಿ ನಿರಪರಾಧಿ. ಅಲ್ಲಿನ ಕಚ್ಚು ಚೂಪಾಗಿದೆ ಅಥವಾ ಇಕ್ಕಟ್ಟಾಗಿದೆ. ಕಚ್ಚಿಗೆ ಮೆತ್ತನೆಯ ಪೆನ್ಸಿಲ್ಲಿನ ಸೀಸ ಉಜ್ಜಿದರೆ ತಂತಿ ಸಲೀಸಾಗಿ ಸರಿಯುತ್ತದೆ.

ಪ್ರಶ್ನೆ: ನಮ್ಮದು ಕರಾವಳಿ. ಬೆವರಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಗಮಕಕ್ಕೆಂದು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ, ಅದರಿಂದ ತಂತಿ ಕೆಡುತ್ತದೆಯೇ? ನಾನೇ ತಂತಿ ಬದಲಾಯಿಸಬಹುದೆ?
– ಓದುಗರೊಬ್ಬರು, ಉಡುಪಿ

ಉತ್ತರ: ಎಣ್ಣೆ ಹಚ್ಚಿ, ಬೆರಳ ತುದಿಗೆ ಒಂದು ಹನಿ ಸಾಕು. ಕಮಾನು ಆಡುವ ಜಾಗಕ್ಕೆ ಮಾತ್ರ ಅದು ಹೋಗಬಾರದು. ಅಲ್ಲಿ ಎಣ್ಣೆ ತಾಗಿದರೆ ರೋಸಿನ್ ಹಿಡಿಯುವುದಿಲ್ಲ, ಕಮಾನು ಜಾರುತ್ತದೆ. ನುಡಿಸಿ ಮುಗಿದ ಮೇಲೆ ಎರಡು ಬಟ್ಟೆ ಬಳಸಿ: ಬೆರಳಾಡಿದ ಭಾಗಕ್ಕೆ ಒಂದು, ರೋಸಿನ್ ಕೂತ ಭಾಗಕ್ಕೆ ಇನ್ನೊಂದು. ತಂತಿಯ ಆಯಸ್ಸನ್ನು ಹೆಚ್ಚಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಸ್ಪಿರಿಟ್ ಹಚ್ಚಿ ಒರೆಸಬೇಡಿ, ಒಂದು ಹನಿ ಬಿದ್ದರೂ ವಾದ್ಯದ ವಾರ್ನಿಷ್ ಕಿತ್ತುಹೋಗುತ್ತದೆ.

ನೀವೇ ಧಾರಾಳವಾಗಿ ಬದಲಾಯಿಸಿ, ಆದರೆ ಒಂದು ಸಲಕ್ಕೆ ಒಂದೇ ತಂತಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಬೀಳುತ್ತದೆ, ಒಳಗಿನ ಸೌಂಡ್ ಪೋಸ್ಟ್ ಕೂಡ ಬೀಳಬಹುದು. ಅದನ್ನು ಮತ್ತೆ ನಿಲ್ಲಿಸಲು ರಿಪೇರಿಯವರಿಗೆ ಕೊಡುವ ಹಣದಲ್ಲಿ ಇನ್ನೊಂದು ತಂತಿ ಬರುತ್ತಿತ್ತು. ಬಿಗಿಯುವಾಗ ಕುದುರೆ ಬೆರಳುಹಲಗೆಯ ಕಡೆ ವಾಲುತ್ತದೆ, ಆಗಾಗ ನೋಡಿ ಎರಡೂ ಕೈಯಿಂದ ನೆಟ್ಟಗೆ ಮಾಡಿ. ಬಿಚ್ಚಿದ ತಂತಿ ತುಕ್ಕು ಹಿಡಿಯದೆ ಸಾಚಾ ಇದ್ದರೆ ಸುರುಳಿ ಸುತ್ತಿ, ಯಾವುದೆಂದು ಚೀಟಿ ಬರೆದು ಪೆಟ್ಟಿಗೆಯಲ್ಲಿಡಿ. ಕಛೇರಿಯ ನಡುವೆ ಹರಿದರೆ ಹೊಸದಕ್ಕಿಂತ ಅದೇ ವಾಸಿ. ಒಮ್ಮೆ ಎಳೆದು ಪಳಗಿದ ತಂತಿಯಾದ್ದರಿಂದ ಶ್ರುತಿಗೆ ಬೇಗ ನಿಲ್ಲುತ್ತದೆ.