ಬಾಡಿಗೆ ಬೇಡವೆಂದ ಗೆಳೆಯನಿಗೆ



ಗೌರಿಬಿದನೂರಿನ ಯುವಕನೊಬ್ಬ ಕೆಲಸ ಸಿಕ್ಕಿ ಚಿಕ್ಕಬಳ್ಳಾಪುರಕ್ಕೆ ಬರುತ್ತಾನೆ ಎಂದುಕೊಳ್ಳಿ. "ನಮ್ಮ ಮನೆಯಲ್ಲೇ ಇರು, ಬಾಡಿಗೆಯ ಮಾತೆತ್ತಬೇಡ" ಎನ್ನುತ್ತಾನೆ ಗೆಳೆಯ. ಒಂದು ವಾರವೆಂದದ್ದು ಮೂರು ತಿಂಗಳಾಗುತ್ತದೆ. ಗೆಳೆಯ ಏನೂ ಕೇಳುವುದಿಲ್ಲ; ಆದರೆ ಮನೆಯಾಕೆಯ ಮಾತು ಕಡಿಮೆಯಾಗುತ್ತದೆ. ಏಕೆ?

ಬಾಡಿಗೆ ಬೇಡವೆಂದ ಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ಒಂದು ಹೊಟ್ಟೆ ಹೆಚ್ಚಾದರೆ 14.2 ಕಿಲೋದ ಗ್ಯಾಸ್ ಸಿಲಿಂಡರ್ ಬೇಗ ಮುಗಿಯುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಸೀಮೆಯಲ್ಲಿ ಟ್ಯಾಂಕರ್ ನೀರಿಗೂ ಹಣ ಕೊಡಬೇಕು.

ಸಂತ ಪೌಲರನ್ನು ನೋಡಿ. ಕೊರಿಂಥದಲ್ಲಿ ಅಕ್ವಿಲ, ಪ್ರಿಸಿಲ್ಲ ದಂಪತಿಯ ಮನೆಯಲ್ಲಿ ತಂಗಿದಾಗ ಅವರೊಡನೆ ಗುಡಾರ ಮಾಡುವ ಕಸುಬಿಗೆ ಕುಳಿತರು (ಪ್ರೇ. ಕಾ. 18:3). ಥೆಸಲೋನಿಕದಲ್ಲಿ ಯಾರಿಗೂ ಹೊರೆಯಾಗದಂತೆ ಹಗಲಿರುಳು ದುಡಿದರು (1 ಥೆಸ. 2:9). ಆದಿ ಧರ್ಮಸಭೆಯ ಕೈಪಿಡಿಯಾದ 'ದಿದಾಖೆ' ಇನ್ನೂ ಸ್ಪಷ್ಟ: ದಾರಿಹೋಕನಿಗೆ ಎರಡು ಮೂರು ದಿನದ ಆತಿಥ್ಯ, ನೆಲೆಸುವುದಾದರೆ ಅವನು ದುಡಿದು ಉಣ್ಣಬೇಕು.

"ಕೊಟ್ಟರೂ ತೆಗೆದುಕೊಳ್ಳುವುದಿಲ್ಲವಲ್ಲ, ಫಾದರ್" ಎನ್ನುವಿರಾ? ನೋಟು ಚಾಚಿದರೆ ಗೆಳೆಯನಿಗೆ ಮುಜುಗರ. ಮೊದಲ ವಾರವೇ, ಗಂಡಹೆಂಡತಿ ಇಬ್ಬರೂ ಇರುವಾಗ ಹೇಳಿ: "ಅತ್ತಿಗೆ, ಸಿಲಿಂಡರ್ ಮತ್ತು ಅಕ್ಕಿ ನನ್ನ ಲೆಕ್ಕಕ್ಕಿರಲಿ." ಎಷ್ಟು ದಿನವೆಂಬುದನ್ನೂ ಅಂದೇ ಮಾತಾಡಿಕೊಳ್ಳಿ. ಕೈ ಬರಿದಾಗಿದ್ದರೆ ನೀರು ತುಂಬಿ, ಮಕ್ಕಳಿಗೆ ಪಾಠ ಹೇಳಿಕೊಡಿ. ಅದೂ ಪಾಲೇ.

ಮನೆಯವರೇ, ನೀವೂ ಎಲ್ಲಕ್ಕೂ "ಬೇಡ" ಎನ್ನಬೇಡಿ. ತನ್ನ ಪಾಲು ಕೊಡಲು ಅವಕಾಶ ಸಿಕ್ಕವನು ತಲೆಯೆತ್ತಿ ಉಣ್ಣುತ್ತಾನೆ.

ಈ ವಾರದ ಚಿಂತನೆಗೆ: ನಾನು ಯಾರ ಮನೆಯ ಉಪ್ಪು ಉಂಡೆ? ಅವರ ಹೊರೆಯನ್ನು ಎಷ್ಟು ಹಗುರ ಮಾಡಿದೆ?